ಮಾಲೂರಿನ 248 ಮತಗಳು ಮತ್ತು ಸಿಗದೆ ಹೋದ ಒಂದು ವಿಡಿಯೊ

ಕೋಲಾರ ಜಿಲ್ಲೆಯ ಮಾಲೂರು ಕ್ಷೇತ್ರದಿಂದ ಕೆ.ವೈ. ನಂಜೇಗೌಡ ಅವರು ವಿಧಾನಸಭೆಗೆ ಆಯ್ಕೆಯಾಗಿದ್ದನ್ನು ಹೈಕೋರ್ಟ್ 2025ರ ಸೆಪ್ಟೆಂಬರ್ 16ರಂದು ಅಸಿಂಧುಗೊಳಿಸಿತು. ನ್ಯಾಯಮೂರ್ತಿ ಆರ್. ದೇವದಾಸ್ ಅವರ ಏಕಸದಸ್ಯ ಪೀಠ ನಾಲ್ಕು ವಾರಗಳೊಳಗೆ ಮತಗಳ ಮರು ಎಣಿಕೆ ನಡೆಸುವಂತೆ ಆದೇಶಿಸಿತು. ಮೇಲ್ಮನವಿಗೆ ಅವಕಾಶವಾಗಲೆಂದು ತನ್ನ ತೀರ್ಪನ್ನು ತಾನೇ 30 ದಿನಗಳ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್, ಆಯ್ಕೆಯನ್ನು ರದ್ದುಪಡಿಸಿದ ಭಾಗಕ್ಕೆ ತಡೆ ನೀಡಿ, ಮರು ಎಣಿಕೆಯನ್ನು ಮಾತ್ರ ಮುಂದುವರಿಸಲು ಬಿಟ್ಟು, ಅದರ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ತನಗೆ ಸಲ್ಲಿಸಬೇಕೆಂದು ಹೇಳಿತು. ಒಂದು ತಿಂಗಳ ಅಂತರದಲ್ಲಿ ಬಂದ ಈ ಎರಡು ಆದೇಶಗಳನ್ನು ಎರಡು ಪಕ್ಷಗಳು ಓದಿಕೊಂಡ ಬಗೆಯನ್ನು ಗಮನಿಸಿದರೆ, ಚುನಾವಣಾ ತಕರಾರಿನ ಕಾನೂನು ನಮ್ಮ ರಾಜಕಾರಣದಲ್ಲಿ ಎಷ್ಟು ಕಡಿಮೆ ಅರ್ಥವಾಗಿದೆ ಎಂಬುದು ಕಾಣುತ್ತದೆ. ಬಿಜೆಪಿಯವರಿಗೆ ಮೊದಲ ಆದೇಶ ಕಾಂಗ್ರೆಸ್ಸಿನ ಮತಗಳ್ಳತನಕ್ಕೆ ಸಿಕ್ಕ ನ್ಯಾಯಾಲಯದ ಮುದ್ರೆಯಾಯಿತು. ಕಾಂಗ್ರೆಸ್ಸಿಗರಿಗೆ ಎರಡನೆಯ ಆದೇಶ ತಮ್ಮ ಶಾಸಕರು ನಿರ್ದೋಷಿ ಎಂಬುದರ ಪುರಾವೆಯಾಯಿತು. ಎರಡೂ ಆದೇಶಗಳಲ್ಲಿ ಅಂಥದ್ದೇನೂ ಇಲ್ಲ.

ತೀರ್ಪು ಬಂದ ಗಳಿಗೆಯೂ ಈ ಗೊಂದಲವನ್ನು ಹೆಚ್ಚಿಸಿತು. ಅದೇ ವರ್ಷದ ಆಗಸ್ಟ್ 7ರಂದು ರಾಹುಲ್ ಗಾಂಧಿ ಅವರು ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಮಹದೇವಪುರದಲ್ಲಿ 1,00,250 ಮತಗಳು ಕಳವಾಗಿವೆ ಎಂದು ಆರೋಪಿಸಿದ್ದರು. ಮಾಲೂರಿನ ತೀರ್ಪು ಬಂದು ಎರಡೇ ದಿನಕ್ಕೆ, ಸೆಪ್ಟೆಂಬರ್ 18ರಂದು, ಅವರು ಕಲಬುರಗಿ ಜಿಲ್ಲೆಯ ಆಳಂದದಲ್ಲಿ 6,018 ಮತದಾರರ ಹೆಸರುಗಳನ್ನು ಅಳಿಸಲು ಅರ್ಜಿಗಳು ಹೋಗಿದ್ದವೆಂಬ ವಿಷಯವನ್ನು ಮುಂದಿಟ್ಟರು. ಹೀಗೆ ದೇಶವಿಡೀ ಮತಗಳ್ಳತನದ ಮಾತಾಡುತ್ತಿದ್ದ ಪಕ್ಷದ ಶಾಸಕರೊಬ್ಬರ ಆಯ್ಕೆ, ಆ ಪಕ್ಷವೇ ಅಧಿಕಾರದಲ್ಲಿರುವ ರಾಜ್ಯದಲ್ಲಿ, ಅದೇ ವಾರ ರದ್ದಾಗಿತ್ತು. ಬಿಜೆಪಿ ಅದನ್ನು ಎತ್ತಿ ತೋರಿಸದೆ ಬಿಡುವುದು ಸಾಧ್ಯವಿರಲಿಲ್ಲ. ಆದರೆ ಮತದಾರರ ಪಟ್ಟಿಯ ದೋಷ ಬೇರೆ, ಎಣಿಕೆಯ ದಿನದ ದೋಷ ಬೇರೆ. ಆಳಂದ, ಮಹದೇವಪುರಗಳ ಪ್ರಶ್ನೆ ಮತ ಹಾಕುವ ಹಕ್ಕು ಯಾರಿಗಿತ್ತು ಎಂಬುದು. ಮಾಲೂರಿನ ಪ್ರಶ್ನೆ, ಹಾಕಿದ ಮತಗಳನ್ನು ಸರಿಯಾಗಿ ಕೂಡಿದರೇ ಎಂಬುದು. ಇವೆರಡನ್ನೂ ಒಂದೇ ಪದದಡಿ ತಂದ ಮೇಲೆ ತೀರ್ಪಿನಲ್ಲಿ ನಿಜಕ್ಕೂ ಏನಿದೆ ಎಂದು ನೋಡುವ ವ್ಯವಧಾನ ಯಾರಿಗೂ ಉಳಿಯಲಿಲ್ಲ.

ಮೊದಲು ಅಂಕಿಗಳನ್ನು ನೋಡೋಣ. 2023ರ ಮೇ 10ರಂದು ಮತದಾನ ನಡೆದು 13ರಂದು ಎಣಿಕೆಯಾಯಿತು. ನಂಜೇಗೌಡರಿಗೆ ಬಿಜೆಪಿಯ ಕೆ.ಎಸ್. ಮಂಜುನಾಥಗೌಡರಿಗಿಂತ 248 ಮತಗಳು ಹೆಚ್ಚು ಬಂದವು. ಇಬ್ಬರೂ ಐವತ್ತು ಸಾವಿರದ ಗಡಿ ದಾಟಿದ್ದರು; ಪಕ್ಷೇತರರೊಬ್ಬರು ನಲವತ್ತೊಂಬತ್ತು ಸಾವಿರ ದಾಟಿ ಮೂರನೆಯವರಾಗಿ ಬೆನ್ನಿಗೇ ಇದ್ದರು. ಮೂವರಿಗೆ ಬಿದ್ದ ಮತಗಳೇ ಒಂದೂವರೆ ಲಕ್ಷ ದಾಟುವ ಕ್ಷೇತ್ರದಲ್ಲಿ 248 ಎಂದರೆ ಒಂದು ಸಾಧಾರಣ ಮತಗಟ್ಟೆಯಲ್ಲಿ ಬೀಳುವ ಮತಗಳಿಗಿಂತಲೂ ಕಡಿಮೆ. ಒಂದು ಯಂತ್ರದ ಲೆಕ್ಕ ಪಕ್ಕದ ಸಾಲಿಗೆ ಹೋದರೆ ಫಲಿತಾಂಶವೇ ಬದಲಾಗುವಷ್ಟು ಸಣ್ಣ ಅಂತರವಿದು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಒಂದು ಮತದಿಂದ ಸೋಲಿಸಿದ್ದನ್ನು ಕಂಡ ರಾಜ್ಯ ನಮ್ಮದು. ಸಣ್ಣ ಅಂತರವೆಂಬುದು ತಾನಾಗಿಯೇ ಅನುಮಾನಕ್ಕೆ ಕಾರಣವಾಗಬಾರದು. ಆದರೆ ಅಂತರ ಸಣ್ಣದಾದಷ್ಟೂ ಎಣಿಕೆಯ ದಾಖಲೆ ಗಟ್ಟಿಯಾಗಿರಬೇಕು.

ಆ ದಾಖಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ಎಣಿಕೆ ಕೊಠಡಿಯೊಳಗೆ ನಿಂತು ನೋಡಬೇಕು. ಬೆಳಿಗ್ಗೆ ಎಂಟಕ್ಕೆ ಅಂಚೆ ಮತಗಳ ಎಣಿಕೆ ಶುರುವಾಗುತ್ತದೆ. ಅರ್ಧ ಗಂಟೆಯ ನಂತರ ಯಂತ್ರಗಳದ್ದು. ಸಾಮಾನ್ಯವಾಗಿ ಹದಿನಾಲ್ಕು ಮೇಜುಗಳು, ಪ್ರತಿ ಮೇಜಿನ ಮುಂದೆ ತಂತಿ ಜಾಲರಿ, ಜಾಲರಿಯ ಈಚೆ ಪೆನ್ನು, ಹಾಳೆ ಹಿಡಿದು ಕುಳಿತ ಪಕ್ಷಗಳ ಏಜೆಂಟರು. ಮೇಜಿನ ಮೇಲ್ವಿಚಾರಕರು ಕಂಟ್ರೋಲ್ ಯೂನಿಟ್‌ನ ಮೊಹರನ್ನು ತೋರಿಸಿ, ಒಡೆದು, ಫಲಿತಾಂಶದ ಗುಂಡಿ ಒತ್ತುತ್ತಾರೆ. ಪುಟ್ಟ ಪರದೆಯ ಮೇಲೆ ಒಬ್ಬೊಬ್ಬ ಅಭ್ಯರ್ಥಿಯ ಮತಗಳು ಒಂದಾದ ಮೇಲೊಂದರಂತೆ ಮಿಂಚಿ ಮಾಯವಾಗುತ್ತವೆ. ಮತದಾನದ ದಿನ ಮತಗಟ್ಟೆ ಅಧಿಕಾರಿ 17ಸಿ ನಮೂನೆಯಲ್ಲಿ ಬರೆದುಕೊಟ್ಟ ಒಟ್ಟು ಸಂಖ್ಯೆಗೂ ಈ ಯಂತ್ರದ ಮೊತ್ತಕ್ಕೂ ತಾಳೆಯಾಗಬೇಕು. ಆಮೇಲೆ ಅದೇ ನಮೂನೆಯ ಎರಡನೆಯ ಭಾಗದಲ್ಲಿ ಅಭ್ಯರ್ಥಿವಾರು ಅಂಕಿ ತುಂಬಿ, ಏಜೆಂಟರ ಸಹಿ ಪಡೆದು, ಹಾಳೆಯನ್ನು ಚುನಾವಣಾಧಿಕಾರಿಯ ಮೇಜಿಗೆ ಕಳಿಸುತ್ತಾರೆ. ಸುತ್ತು ಮುಗಿದ ಮೇಲೆ ಒಟ್ಟು ಅಂಕಿ ಫಲಕದ ಮೇಲೇರುತ್ತದೆ. ಇಷ್ಟು ಕೈ ಬದಲಾಗುವಾಗ ಎಲ್ಲೋ ಒಂದು ಅಂಕಿ ತಪ್ಪಬಹುದು. ಅದಕ್ಕೆ ದುರುದ್ದೇಶವೇ ಬೇಕಿಲ್ಲ, ಮಧ್ಯಾಹ್ನದ ಹೊತ್ತಿಗೆ ಕೊಠಡಿಯಲ್ಲಿ ತುಂಬಿಕೊಳ್ಳುವ ಗದ್ದಲ, ದಣಿವು ಸಾಕು. ಇಡೀ ಪ್ರಕ್ರಿಯೆಯನ್ನು ವಿಡಿಯೊದಲ್ಲಿ ಚಿತ್ರಿಸಿಕೊಳ್ಳಬೇಕೆಂದು ಚುನಾವಣಾ ಆಯೋಗ ಸೂಚಿಸಿರುವುದು ಇದಕ್ಕಾಗಿಯೇ.

ಮಾಲೂರಿನ ಪ್ರಕರಣದಲ್ಲಿ ನಿರ್ಣಾಯಕವಾದದ್ದು ಇದೇ ವಿಡಿಯೊ. ಎಣಿಕೆಯಲ್ಲಿ ಅಕ್ರಮವಾಗಿದೆ ಎಂದು ಮಂಜುನಾಥಗೌಡರು ತಕರಾರು ಅರ್ಜಿ ಸಲ್ಲಿಸಿದ್ದರು. ನ್ಯಾಯಾಲಯ ಚಿತ್ರೀಕರಣವನ್ನು ಕೇಳಿತು. ಅಂದಿನ ಜಿಲ್ಲಾ ಚುನಾವಣಾಧಿಕಾರಿ ಅದನ್ನು ಹಾಜರುಪಡಿಸಲಿಲ್ಲ. ತೀರ್ಪು ಈ ಲೋಪವನ್ನು ಹಗುರವಾಗಿ ಕಾಣಲಿಲ್ಲ; ಅಧಿಕಾರಿಯ ವಿರುದ್ಧ ಕ್ರಮಕ್ಕೂ ಆಯೋಗಕ್ಕೆ ನಿರ್ದೇಶನ ನೀಡಿತು. ಗೆದ್ದವರು ಹಣ ಹಂಚಿದರು, ಬೆದರಿಸಿದರು, ಭ್ರಷ್ಟ ಮಾರ್ಗ ಹಿಡಿದರು ಎಂಬುದು ಈ ತೀರ್ಪಿನ ಆಧಾರವಲ್ಲ. ಸೋತವರೇ ನಿಜವಾಗಿ ಗೆದ್ದವರೆಂಬ ಘೋಷಣೆಯೂ ಅದರಲ್ಲಿಲ್ಲ. ಹಾಗೆ ಘೋಷಿಸುವ ಅಧಿಕಾರವನ್ನು ಪ್ರಜಾಪ್ರತಿನಿಧಿ ಕಾಯ್ದೆಯ 101ನೇ ಕಲಂ ಹೈಕೋರ್ಟ್‌ಗೆ ಕೊಟ್ಟಿದೆ. ಪೀಠ ಅದನ್ನು ಬಳಸದೆ, ಮತ್ತೆ ಎಣಿಸಿ ಎಂದಿತು. ಎಣಿಕೆ ಸರಿಯಾಗಿ ನಡೆಯಿತೆಂದು ನಂಬಲು ಇರಬೇಕಾದ ದಾಖಲೆಯನ್ನು ಅದನ್ನು ಕಾಪಾಡಬೇಕಾದವರೇ ತೋರಿಸಲಿಲ್ಲ ಎಂಬುದು ತೀರ್ಪಿನ ಸಾರ. ಬೆರಳು ನೆಟ್ಟಿದ್ದು ಆಡಳಿತದ ಕಡೆಗೆ. ರಾಜಕೀಯ ಚರ್ಚೆಯಲ್ಲಿ ಮಾತ್ರ ಆಡಳಿತದ ಹೆಸರೇ ಬರಲಿಲ್ಲ.

ಹಾಗೆಂದು ತೀರ್ಪನ್ನು ಪ್ರಶ್ನಿಸಲು ಕಾನೂನಿನ ಆಧಾರವೇ ಇಲ್ಲವೆಂದಲ್ಲ. ಕಾಯ್ದೆಯ 100ನೇ ಕಲಂ ಪ್ರಕಾರ ಎಣಿಕೆಯ ದೋಷವನ್ನೋ ನಿಯಮಗಳ ಉಲ್ಲಂಘನೆಯನ್ನೋ ತೋರಿಸಿದರಷ್ಟೇ ಸಾಲದು. ಅದರಿಂದ ಗೆದ್ದ ಅಭ್ಯರ್ಥಿಯ ಫಲಿತಾಂಶಕ್ಕೆ ವಾಸ್ತವವಾಗಿ ಬಾಧೆಯಾಗಿದೆ ಎಂಬುದನ್ನೂ ಸಾಬೀತುಪಡಿಸಬೇಕು, ಮತ್ತು ಆ ಹೊರೆ ಅರ್ಜಿದಾರರದ್ದು ಎಂದು ಸುಪ್ರೀಂ ಕೋರ್ಟ್ 1954ರಷ್ಟು ಹಿಂದೆಯೇ ಹೇಳಿದೆ. ಮತದಾನದ ಗೋಪ್ಯತೆಯನ್ನು ಕಾಯುವ ದೃಷ್ಟಿಯಿಂದ ಮರು ಎಣಿಕೆಯನ್ನು ಸುಲಭವಾಗಿ ಕೊಡಬಾರದು, ಖಚಿತ ವಿವರಗಳಿರುವ ಮೇಲ್ನೋಟದ ಪ್ರಕರಣ ಇರಲೇಬೇಕು ಎಂಬುದೂ ದಶಕಗಳಿಂದ ನೆಲೆನಿಂತ ತತ್ವ. ಇದನ್ನು ಮುಂದಿಟ್ಟುಕೊಂಡು ನೋಡಿದರೆ ಮಾಲೂರಿನ ತೀರ್ಪಿನಲ್ಲಿ ಒಂದು ತೊಡಕು ಎದ್ದು ಕಾಣುತ್ತದೆ. ಮತ್ತೆ ಎಣಿಸಿದಾಗ 248ರ ಅಂತರ ಹಾಗೇ ಉಳಿದರೆ ಫಲಿತಾಂಶಕ್ಕೆ ಬಾಧೆಯಾಗಿಲ್ಲವೆಂದೇ ಅರ್ಥ. ಅಂಥ ಸಾಧ್ಯತೆ ತೆರೆದಿರುವಾಗ ಎಣಿಸುವ ಮೊದಲೇ ಆಯ್ಕೆಯನ್ನು ರದ್ದುಮಾಡುವುದು ಹೇಗೆ? ವಿಚಾರಣೆ ಮುಗಿಯುವ ಮುನ್ನವೇ ಮರು ಎಣಿಕೆ ಮಾಡಿಸಿ, ಅದರ ಮೇಲೆ ಆಯ್ಕೆಯ ಸಿಂಧುತ್ವ ತೀರ್ಮಾನಿಸುವುದು ಹೆಚ್ಚು ಸಹಜವಾದ ಕ್ರಮ ಎಂಬುದು ನನ್ನ ಅನಿಸಿಕೆ. ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಪರಿಣಾಮವೂ ಹೆಚ್ಚುಕಡಿಮೆ ಅದೇ ಆಗಿತ್ತು: ಶಾಸಕತ್ವ ಸದ್ಯಕ್ಕೆ ಉಳಿಯಲಿ, ಮತಗಳನ್ನು ಎಣಿಸಿ, ಲೆಕ್ಕ ತನ್ನಿ. ಅದನ್ನು ಕಾಂಗ್ರೆಸ್ಸಿನ ಗೆಲುವೆಂದು ಹೇಳಿಕೊಳ್ಳುವುದು ತಪ್ಪು, ಹೈಕೋರ್ಟಿನ ತೀರ್ಪು ಮೂಲೆಗೆ ಸೇರಿತೆನ್ನುವುದೂ ತಪ್ಪು. ತೀರ್ಪಿನ ಅರ್ಧ ಭಾಗ, ಅರ್ಜಿದಾರರು ಬಯಸಿದ್ದ ಅರ್ಧವೇ, ಜಾರಿಯಾಯಿತು. ನವೆಂಬರ್‌ನಲ್ಲಿ ಮರು ಎಣಿಕೆ ನಡೆಯಿತು.

ಈಗ ಇದೇ ಎರಡು ಪಕ್ಷಗಳನ್ನು ಬೆಂಗಳೂರಿನ ಜಯನಗರಕ್ಕೆ ಕರೆದೊಯ್ದು ನಿಲ್ಲಿಸಬೇಕು. ಅದೇ 2023ರ ಮೇ 13, ಅದೇ ಎಣಿಕೆಯ ದಿನ. ಅಲ್ಲಿ ಮೊದಲು ಮುಂದಿದ್ದವರು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ. ಬಿಜೆಪಿ ಮರು ಎಣಿಕೆಗೆ ಒತ್ತಾಯಿಸಿತು, ತಿರಸ್ಕೃತವಾಗಿದ್ದ ಅಂಚೆ ಮತಗಳನ್ನು ಮತ್ತೆ ಪರಿಗಣಿಸಲಾಯಿತೆಂಬ ತಕರಾರು ಎದ್ದಿತು, ಎಣಿಕೆ ಕೇಂದ್ರದ ಹೊರಗೆ ಎರಡೂ ಕಡೆಯ ಕಾರ್ಯಕರ್ತರು ಜಮಾಯಿಸಿದರು, ಡಿ.ಕೆ. ಶಿವಕುಮಾರ್ ಅವರೇ ಅಲ್ಲಿಗೆ ಬಂದು ಪ್ರತಿಭಟಿಸಿದರು. ತಡರಾತ್ರಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರು 16 ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಸೌಮ್ಯಾ ರೆಡ್ಡಿ ಅವರು ಹೈಕೋರ್ಟಿನ ಮೊರೆ ಹೋದರು. ಜಯನಗರದಲ್ಲಿ ಕಾಂಗ್ರೆಸ್ಸಿಗರು ಹೇಳಿದ್ದು: ಅಧಿಕಾರಿಗಳ ಎಣಿಕೆಯನ್ನು ಕಣ್ಣುಮುಚ್ಚಿ ನಂಬಲಾಗದು, ನ್ಯಾಯಾಲಯ ಕಡತಗಳನ್ನು ತೆರೆಸಿ ನೋಡಬೇಕು. ಬಿಜೆಪಿ ಹೇಳಿದ್ದು: ಚುನಾವಣಾಧಿಕಾರಿ ನಿಯಮದ ಪ್ರಕಾರ ಘೋಷಿಸಿದ್ದಾರೆ, ಸೋಲನ್ನು ಒಪ್ಪಿಕೊಳ್ಳಿ. ಮಾಲೂರಿನಲ್ಲಿ ಈ ಎರಡು ಮಾತುಗಳು ಬಾಯಿ ಬದಲಿಸಿದವು, ಅಷ್ಟೇ. ಒಂದು ನಿಲುವು ತತ್ವದಿಂದ ಬಂದಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಸರಳ ಪರೀಕ್ಷೆ ಇದು: ಕ್ಷೇತ್ರದ ಹೆಸರನ್ನು ಅಳಿಸಿ, ಗೆದ್ದವರ ಮತ್ತು ಸೋತವರ ಪಕ್ಷಗಳನ್ನು ಅದಲುಬದಲು ಮಾಡಿ, ಆಗಲೂ ಅದೇ ಮಾತನ್ನು ಹೇಳಬಲ್ಲಿರಾ ಎಂದು ಕೇಳುವುದು. ಜಯನಗರ ಮತ್ತು ಮಾಲೂರು ಒಟ್ಟಿಗೇ ಕಣ್ಣಮುಂದಿರುವಾಗ ಈ ಪರೀಕ್ಷೆಯಲ್ಲಿ ಎರಡೂ ಪಕ್ಷಗಳ ವಕ್ತಾರರು ನಿಲ್ಲುವುದಿಲ್ಲ.

ವಿಡಿಯೊ ವಿಚಾರದಲ್ಲಂತೂ ಇಬ್ಬರ ಸ್ಥಿತಿಯೂ ಇನ್ನಷ್ಟು ಇಕ್ಕಟ್ಟಿನದು. 2024ರ ಡಿಸೆಂಬರ್ 20ರಂದು ಕೇಂದ್ರ ಸರ್ಕಾರ ಚುನಾವಣೆ ನಡೆಸುವ ನಿಯಮಗಳ 93ನೇ ನಿಯಮಕ್ಕೆ ತಿದ್ದುಪಡಿ ತಂದು, ಸಾರ್ವಜನಿಕರು ಪರಿಶೀಲಿಸಬಹುದಾದ ಕಾಗದಪತ್ರಗಳ ವ್ಯಾಪ್ತಿಯನ್ನು ಕುಗ್ಗಿಸಿತು; ಸಿಸಿಟಿವಿ, ವೆಬ್‌ಕಾಸ್ಟ್ ದೃಶ್ಯಗಳು ಅದರಿಂದ ಹೊರಗುಳಿದವು. 2025ರ ಮೇ 30ರಂದು ಚುನಾವಣಾ ಆಯೋಗ, ಫಲಿತಾಂಶ ಬಂದು 45 ದಿನಗಳಲ್ಲಿ ತಕರಾರು ಅರ್ಜಿ ಸಲ್ಲಿಕೆಯಾಗದಿದ್ದರೆ ದೃಶ್ಯಾವಳಿಗಳನ್ನು ಅಳಿಸಬಹುದೆಂದು ರಾಜ್ಯಗಳ ಅಧಿಕಾರಿಗಳಿಗೆ ತಿಳಿಸಿತು. ಕಾಂಗ್ರೆಸ್ ಇದನ್ನು ತೀವ್ರವಾಗಿ ವಿರೋಧಿಸಿ ಸುಪ್ರೀಂ ಕೋರ್ಟಿಗೂ ಹೋಯಿತು. ಬಿಜೆಪಿ ಆಯೋಗವನ್ನು ಸಮರ್ಥಿಸಿತು. ಆದರೆ ಮಾಲೂರಿನಲ್ಲಿ ಬಿಜೆಪಿ ಅಭ್ಯರ್ಥಿಯ ಕೈಗೆ ಬಲ ಕೊಟ್ಟದ್ದು ದೃಶ್ಯ ದಾಖಲೆ ಇರಲೇಬೇಕೆಂಬ ತತ್ವವೇ. ದೆಹಲಿಯಲ್ಲಿ ದೃಶ್ಯಾವಳಿ ಕೊಡಿ ಎಂದು ಕೇಳುವ ಕಾಂಗ್ರೆಸ್, ತನ್ನದೇ ಶಾಸಕರ ಕ್ಷೇತ್ರದಲ್ಲಿ ದೃಶ್ಯಾವಳಿ ಏಕೆ ಸಿಗಲಿಲ್ಲ ಎಂದು ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು. ಮಾಲೂರಿನಲ್ಲಿ ಅರ್ಜಿ ಸಲ್ಲಿಕೆಯಾಗಿತ್ತು. ಅಂದರೆ ಹಳೆಯ ನಿಯಮದ ಪ್ರಕಾರವಾಗಲಿ ಹೊಸ ಸೂಚನೆಯ ಪ್ರಕಾರವಾಗಲಿ ಆ ದೃಶ್ಯಗಳು ಉಳಿದಿರಲೇಬೇಕಿತ್ತು.

ದೃಶ್ಯ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಚಂಡೀಗಢವನ್ನು ನೋಡಬಹುದು. 2024ರ ಜನವರಿ 30ರಂದು ಅಲ್ಲಿನ ಮೇಯರ್ ಚುನಾವಣೆಯಲ್ಲಿ 36 ಮತಗಳ ಪೈಕಿ 8ನ್ನು ಚುನಾವಣಾಧಿಕಾರಿ ಕುಲಗೆಟ್ಟವೆಂದು ಪಕ್ಕಕ್ಕಿಟ್ಟು, ಬಿಜೆಪಿಗೆ 16, ಆಮ್ ಆದ್ಮಿ ಪಕ್ಷದ ಕುಲದೀಪ್ ಕುಮಾರ್ ಅವರಿಗೆ 12 ಎಂದು ಘೋಷಿಸಿದ್ದರು. ಅಧಿಕಾರಿ ಮತಪತ್ರಗಳ ಮೇಲೆ ಪೆನ್ನಾಡಿಸುತ್ತ, ನಡುವೆ ತಲೆಯೆತ್ತಿ ಕ್ಯಾಮೆರಾದತ್ತ ನೋಡುವ ದೃಶ್ಯ ದೇಶದ ಮನೆಮನೆಯ ಟಿವಿಯಲ್ಲಿ ಬಂತು. ಸುಪ್ರೀಂ ಕೋರ್ಟ್ ಮತಪತ್ರಗಳನ್ನೇ ತರಿಸಿಕೊಂಡಿತು. ಆ ಎಂಟೂ ಕುಲದೀಪ್ ಕುಮಾರ್ ಅವರಿಗೆ ಸಿಂಧುವಾಗಿ ಬಿದ್ದ ಮತಗಳೆಂದು ಕಂಡುಕೊಂಡು ಫೆಬ್ರುವರಿ 20ರಂದು ಅವರನ್ನೇ ಮೇಯರ್ ಎಂದು ಘೋಷಿಸಿತು. 21 ದಿನ. ಮಾಲೂರಿನಲ್ಲಿ ಎಣಿಕೆಯಿಂದ ಹೈಕೋರ್ಟ್ ತೀರ್ಪಿನವರೆಗೆ 28 ತಿಂಗಳು. ಎರಡೂ ಒಂದೇ ಬಗೆಯ ಪ್ರಕರಣಗಳಲ್ಲ ಎಂಬುದನ್ನು ಒಪ್ಪಬೇಕು: ಅಲ್ಲಿ 36 ಮತ, ಇಲ್ಲಿ ಲಕ್ಷಾಂತರ, ಅದು ಸ್ಥಳೀಯ ಸಂಸ್ಥೆಯ ಚುನಾವಣೆ, ಇದು ತಕರಾರು ಅರ್ಜಿಯ ಮೂಲಕವೇ ಬರಬೇಕಾದದ್ದು. ವಿಧಾನಸಭೆ, ಲೋಕಸಭೆ ಚುನಾವಣೆಗಳನ್ನು ಬೇರಾವ ದಾರಿಯಿಂದಲೂ ಪ್ರಶ್ನಿಸಬಾರದೆಂದು ಸಂವಿಧಾನದ 329ನೇ ವಿಧಿಯೇ ಹೇಳುತ್ತದೆ. ಆದರೂ ಚಂಡೀಗಢದಲ್ಲಿ ತೀರ್ಪಿನ ನಂತರ ವಾದ ಬೇಗ ತಣ್ಣಗಾದದ್ದಕ್ಕೆ ಒಂದು ಕಾರಣ, ನ್ಯಾಯಾಲಯ ಕಂಡದ್ದನ್ನು ಜನರೂ ಕಂಡಿದ್ದರು. ಮಾಲೂರಿನಲ್ಲಿ ಯಾರೂ ಏನನ್ನೂ ಕಾಣಲಿಲ್ಲ. ಕಾಣದ ಜಾಗವನ್ನು ಪಕ್ಷಗಳು ತಮಗೆ ಬೇಕಾದಂತೆ ತುಂಬಿಕೊಂಡವು.

ವಿಳಂಬವೂ ಪಕ್ಷಗಳ ಜಗಳಕ್ಕೆ ಎಣ್ಣೆ ಸುರಿಯುತ್ತದೆ. ಫಲಿತಾಂಶದ 45 ದಿನಗಳೊಳಗೆ ಅರ್ಜಿ ಸಲ್ಲಿಸಬೇಕೆಂದು ಸೋತವರಿಗೆ ಕಟ್ಟುನಿಟ್ಟು ಮಾಡುವ ಕಾಯ್ದೆ, ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಯತ್ನಿಸಬೇಕೆಂದು 86ನೇ ಕಲಮಿನಲ್ಲಿ ನ್ಯಾಯಾಲಯಕ್ಕೆ ಹೇಳುತ್ತದೆ. ಮೊದಲನೆಯದು ಒಂದು ದಿನ ಮೀರಿದರೂ ಅರ್ಜಿ ವಜಾ. ಎರಡನೆಯದನ್ನು ಪಾಲಿಸುವುದು ಅಪರೂಪ. 60 ತಿಂಗಳ ಅವಧಿಯಲ್ಲಿ 28 ತಿಂಗಳು ಕಳೆದ ಮೇಲೆ ಬರುವ ತೀರ್ಪು, ಅದರ ಮೇಲೆ ಮೇಲ್ಮನವಿ, ತಡೆಯಾಜ್ಞೆ ಎನ್ನುವಷ್ಟರಲ್ಲಿ ಮುಂದಿನ ಚುನಾವಣೆಯೇ ಹತ್ತಿರವಾಗಿರುತ್ತದೆ. ತಪ್ಪಾಗಿ ಆಯ್ಕೆಯಾದವರಿದ್ದರೆ ಅವರು ಬಹುಪಾಲು ಅವಧಿಯನ್ನು ಅನುಭವಿಸಿರುತ್ತಾರೆ. ಸರಿಯಾಗಿಯೇ ಗೆದ್ದವರಿದ್ದರೆ ಅಷ್ಟೂ ಕಾಲ ತಲೆಯ ಮೇಲೆ ಕಳಂಕ ಹೊತ್ತು ಓಡಾಡಿರುತ್ತಾರೆ. ಹರಿಯಾಣದ ಪಾಣಿಪತ್ ಜಿಲ್ಲೆಯ ಒಂದು ಹಳ್ಳಿಯ ಸರಪಂಚ ಚುನಾವಣೆ 2022ರ ನವೆಂಬರ್‌ನಲ್ಲಿ ನಡೆಯಿತು. ಅದರ ಯಂತ್ರಗಳನ್ನು ಸುಪ್ರೀಂ ಕೋರ್ಟ್ ತನ್ನ ಆವರಣಕ್ಕೇ ತರಿಸಿ, ಎರಡೂ ಕಡೆಯವರ ಎದುರು, ವಿಡಿಯೊ ಚಿತ್ರಿಸಿಕೊಳ್ಳುತ್ತ 2025ರ ಆಗಸ್ಟ್‌ನಲ್ಲಿ ಎಣಿಸಿದಾಗ, ಸೋತರೆಂದು ಘೋಷಿತರಾಗಿದ್ದವರು 51 ಮತಗಳಿಂದ ಗೆದ್ದಿದ್ದರು. ಎಣಿಕೆಗೆ ಬೇಕಾದದ್ದು ಒಂದು ದಿನ. ಎಣಿಸಲು ಒಪ್ಪಿಸುವುದಕ್ಕೆ ಹಿಡಿದದ್ದು ಎರಡೂಮುಕ್ಕಾಲು ವರ್ಷ.

ತೀರ್ಪನ್ನೂ ತಡೆಯಾಜ್ಞೆಯನ್ನೂ ಪಕ್ಷದ ಕನ್ನಡಕದಲ್ಲಿ ಓದುವುದು ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ಈ ದೇಶ 1975ರಲ್ಲೇ ಕಂಡಿದೆ. ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ರಾಯಬರೇಲಿಯಿಂದ ಇಂದಿರಾ ಗಾಂಧಿ ಅವರ ಆಯ್ಕೆಯನ್ನು ರದ್ದುಮಾಡಿದರು. ಜೂನ್ 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕೊಟ್ಟದ್ದು ಷರತ್ತಿನ ತಡೆ: ಪ್ರಧಾನಿಯಾಗಿ ಮುಂದುವರಿಯಬಹುದು, ಸದನದಲ್ಲಿ ಕೂರಬಹುದು, ಆದರೆ ಸದಸ್ಯರಾಗಿ ಮತ ಹಾಕುವಂತಿಲ್ಲ. ಆಳುವ ಪಕ್ಷ ತಡೆ ಎಂಬ ಪದವನ್ನು ಹಿಡಿಯಿತು, ವಿರೋಧ ಪಕ್ಷಗಳು ಷರತ್ತನ್ನು ಹಿಡಿದವು. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲಿಯೇ ಬಂಧನಕ್ಕೊಳಗಾದರು. ಮಾಲೂರಿನ ಒಂದು ಸ್ಥಾನವನ್ನು ಅದರೊಂದಿಗೆ ತೂಗುವುದು ಅತಿಯಾದೀತು. ಆದರೆ ಆಗ ಬಳಕೆಯಾದ ಕಾಯ್ದೆ ಇದೇ, ತಡೆಯಾಜ್ಞೆಯ ಅಧಿಕಾರವೂ ಇದೇ ಕಾಯ್ದೆಯದು. ಮೇಲ್ಮನವಿ ತೀರುವ ತನಕ ಸ್ಥಿತಿಯನ್ನು ಕೆಡದಂತೆ ಹಿಡಿದಿಡುವುದಷ್ಟೇ ತಡೆಯಾಜ್ಞೆಯ ಕೆಲಸ. ಅದು ಆರೋಪವನ್ನು ತೊಳೆಯುವುದಿಲ್ಲ, ಒಪ್ಪುವುದೂ ಇಲ್ಲ.

ಇದಕ್ಕೆಲ್ಲ ಹೊಸ ಕಾಯ್ದೆಯೇ ಬೇಕೆಂದಿಲ್ಲ. ಎಣಿಕೆ ಮುಗಿದ ದಿನವೇ ದೃಶ್ಯಾವಳಿಯ ಒಂದು ಪ್ರತಿಯನ್ನು ಮೊಹರು ಮಾಡಿ, ಯಂತ್ರಗಳಿಡುವ ಭದ್ರತಾ ಕೊಠಡಿಯಲ್ಲೇ ಇರಿಸಿ, ಅದರ ಮೇಲೆ ಅಭ್ಯರ್ಥಿಗಳ ಏಜೆಂಟರ ಸಹಿ ಪಡೆಯಬಹುದು. ಎಣಿಕೆಯ ವಿಡಿಯೊ ಇಲ್ಲವೆಂದು ನ್ಯಾಯಾಲಯಕ್ಕೆ ಹೇಳಬೇಕಾಗಿ ಬಂದರೆ ಅದಕ್ಕೆ ಹೊಣೆ ಯಾರೆಂಬುದನ್ನು ಆಯೋಗ ಮುಂಚಿತವಾಗಿಯೇ ಬರೆದಿಡಬಹುದು. ಅಂತರ ಇಷ್ಟಕ್ಕಿಂತ ಕಡಿಮೆಯಿದ್ದರೆ ಘೋಷಣೆಗೆ ಮುನ್ನ ಎಲ್ಲ ಯಂತ್ರಗಳನ್ನೂ ಅಂಚೆ ಮತಗಳನ್ನೂ ಇನ್ನೊಮ್ಮೆ ಎಣಿಸುವುದನ್ನು ಚುನಾವಣಾಧಿಕಾರಿಯ ವಿವೇಚನೆಗೆ ಬಿಡದೆ ಕಡ್ಡಾಯಗೊಳಿಸಬಹುದು. ಜಯನಗರದ ರಾತ್ರಿಯ ಗದ್ದಲ ಹುಟ್ಟಿದ್ದೇ ಆ ವಿವೇಚನೆಯಿಂದ. ತಕರಾರು ಅರ್ಜಿಗಳಿಗೆಂದೇ ನ್ಯಾಯಮೂರ್ತಿಯೊಬ್ಬರನ್ನು ಆರು ತಿಂಗಳು ಬೇರೆ ಹೊರೆಯಿಲ್ಲದೆ ಇರಿಸುವುದು ಹೈಕೋರ್ಟಿನ ಕೈಯಲ್ಲೇ ಇದೆ. ಜಯನಗರದಲ್ಲಿ ಸೋತವರು ಕಾಂಗ್ರೆಸ್ಸಿನವರು, ಮಾಲೂರಿನಲ್ಲಿ ಸೋತವರು ಬಿಜೆಪಿಯವರು. ಇಬ್ಬರೂ ಒಂದೇ ಹೈಕೋರ್ಟಿನ ಬಾಗಿಲಿಗೆ ಬಂದದ್ದು ಅಧಿಕಾರಿಯ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಡಿ ಎಂದು. ಆ ಕೋರಿಕೆಯನ್ನು ಎರಡೂ ಪಕ್ಷಗಳು ಒಂದೇ ಮನವಿಯಾಗಿ ಬರೆದು ಚುನಾವಣಾ ಆಯೋಗಕ್ಕೆ ಕೊಡಲು ಯಾವ ನ್ಯಾಯಾಲಯದ ಆದೇಶವೂ ಅಡ್ಡಿಯಿಲ್ಲ.